ಮಬ್ಬಿನ ಚಿತ್ರಗಳು, ಮರೆವಿನ ಚರಿತ್ರೆ: ಕ್ಲಾರಿಸ್ ಬೆಕೆಟ್ ಕಲೆಯಿಂದ ಕನ್ನಡ ಅಧ್ಯಯನಕ್ಕೆ ಏಳುವ ಕೆಲವು ಪ್ರಶ್ನೆಗಳು

೧

ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳ ಕರ್ನಾಟಕ ಚಿತ್ರಕಲೆಯನ್ನು ಕುರಿತು ಬರೆಯುವಾಗ ನಿಸರ್ಗಚಿತ್ರದ ಮಾತು ಬಂದಲ್ಲೆಲ್ಲ ಕೆ. ವೆಂಕಟಪ್ಪನವರ (೧೮೮೬-೧೯೬೫) ಹೆಸರು ಮೊದಲು ನಿಲ್ಲುತ್ತದೆ. ಮುಂದಿನ ತಲೆಮಾರಿಗೆ ಬಂದರೆ ರುಮಾಲೆ ಚೆನ್ನಬಸವಯ್ಯ (೧೯೧೦-೧೯೮೮) ಮತ್ತು ಕರಾವಳಿಯಿಂದ ಹೊರಟು ಮುಂಬಯಿಯಲ್ಲಿ ನೆಲೆಸಿದ ಕೆ.ಕೆ. ಹೆಬ್ಬಾರ (೧೯೧೧-೧೯೯೬) ಅವರ ಹೆಸರುಗಳು ಸೇರುತ್ತವೆ. ಈ ಸಾಲಿನಲ್ಲಿ ಒಬ್ಬ ಹೆಣ್ಣುಮಗಳ ಹೆಸರೂ ಬರುವುದಿಲ್ಲ. ಈ ಗೈರುಹಾಜರಿಯನ್ನು ಸಹಜವೆಂಬಂತೆ ಸ್ವೀಕರಿಸುವುದು ರೂಢಿಯಾಗಿದೆ. ಆ ಕಾಲದ ಕನ್ನಡ ಹೆಣ್ಣುಮಕ್ಕಳು ನಿಸರ್ಗಚಿತ್ರ ಬರೆಯಲಿಲ್ಲ, ಆದ್ದರಿಂದ ಚರಿತ್ರೆಯಲ್ಲಿ ಅವರಿಲ್ಲ ಎಂಬುದು ಈ ಸ್ವೀಕಾರದ ಹಿಂದಿರುವ ತರ್ಕ.

ಈ ತರ್ಕ ಕನ್ನಡ ವಿಭಾಗಗಳಿಗೆ ಹೊಸದಲ್ಲ. ಅಕ್ಕಮಹಾದೇವಿ, ಸಂಚಿ ಹೊನ್ನಮ್ಮ, ಹೆಳವನಕಟ್ಟೆ ಗಿರಿಯಮ್ಮನಂತಹ ಕೆಲವರನ್ನು ಬಿಟ್ಟರೆ ಕನ್ನಡದಲ್ಲಿ ಹೆಣ್ಣುಮಕ್ಕಳು ಹೆಚ್ಚಾಗಿ ಬರೆಯಲಿಲ್ಲ ಎಂಬ ಮಾತನ್ನು ಸಾಹಿತ್ಯ ಚರಿತ್ರೆ ಬಹುಕಾಲ ನಂಬಿಕೊಂಡೇ ಬಂದಿತ್ತು. ವಿಜಯಾ ದಬ್ಬೆ, ಚಿ.ನ. ಮಂಗಳಾ, ವೈದೇಹಿ ಮೊದಲಾದವರು ಆಕರಗಳನ್ನು ಹುಡುಕಿ ಹೊರಟ ಬಳಿಕ ಆ ಮಾತು ಅರ್ಧಸತ್ಯವೆಂದು ತಿಳಿಯಿತು. ಬರೆದವರಿದ್ದರು, ಬರೆದುದನ್ನು ಕಾದಿಡುವ, ಓದುವ, ಪಠ್ಯವಾಗಿಸುವ ವ್ಯವಸ್ಥೆ ಇರಲಿಲ್ಲ. ಸಾಹಿತ್ಯದ ವಿಷಯದಲ್ಲಿ ಕಲಿತ ಈ ಪಾಠವನ್ನು ಕನ್ನಡ ಅಧ್ಯಯನ ದೃಶ್ಯಕಲೆಗೆ ಇನ್ನೂ ಅನ್ವಯಿಸಿಲ್ಲ. ಅನ್ವಯಿಸುವುದಾದರೆ ಎಲ್ಲಿ ಎಚ್ಚರ ಬೇಕು, ಎಲ್ಲಿ ಧೈರ್ಯ ಬೇಕು ಎಂಬುದನ್ನು ತಿಳಿಯಲು ಕರ್ನಾಟಕದಿಂದ ಬಹುದೂರದ ಒಂದು ಪ್ರಕರಣ ನೆರವಾಗುತ್ತದೆ. ಅದು ಆಸ್ಟ್ರೇಲಿಯಾದ ಚಿತ್ರಕಾರ್ತಿ ಕ್ಲಾರಿಸ್ ಬೆಕೆಟ್ ಅವರದು.

೨

ಕ್ಲಾರಿಸ್ ಬೆಕೆಟ್ ಹುಟ್ಟಿದ್ದು ೧೮೮೭ರ ಮಾರ್ಚ್ ೨೧ರಂದು, ವಿಕ್ಟೋರಿಯಾ ಪ್ರಾಂತದ ಕ್ಯಾಸ್ಟರ್‌ಟನ್ ಎಂಬ ಊರಿನಲ್ಲಿ. ಕನ್ನಡದ ಮೊದಲ ಪತ್ರಕರ್ತೆ, ಪ್ರಕಾಶಕಿ ಎಂದು ಗುರುತಿಸಲಾಗುವ ನಂಜನಗೂಡು ತಿರುಮಲಾಂಬ ಅವರು ಹುಟ್ಟಿದ್ದೂ ಅದೇ ವರ್ಷ. ಇದು ಕೇವಲ ಕಾಕತಾಳೀಯ. ಆದರೆ ಇಬ್ಬರ ಬಾಳಿನ ಗತಿಯನ್ನು ಅಕ್ಕಪಕ್ಕದಲ್ಲಿಟ್ಟು ನೋಡಲು ಅನುವು ಮಾಡಿಕೊಡುವ ಕಾಕತಾಳೀಯ.

ಬೆಕೆಟ್ ಅವರ ತಂದೆ ಬ್ಯಾಂಕಿನ ವ್ಯವಸ್ಥಾಪಕರು. ಶಾಲಾ ಶಿಕ್ಷಣದ ಬಳಿಕ ೧೯೧೪ರಿಂದ ಮೂರು ವರ್ಷ ಮೆಲ್ಬರ್ನಿನ ನ್ಯಾಷನಲ್ ಗ್ಯಾಲರಿ ಶಾಲೆಯಲ್ಲಿ ಫ್ರೆಡರಿಕ್ ಮೆಕಬಿನ್ ಅವರ ಬಳಿ ಅವರು ಚಿತ್ರಕಲೆ ಕಲಿತರು. ಅನಂತರ ೧೯೧೭ರಲ್ಲಿ ಕೆಲವು ತಿಂಗಳು ಮ್ಯಾಕ್ಸ್ ಮೆಲ್ಡ್ರಮ್ ಅವರ ಶಿಷ್ಯೆಯಾದರು. ಚಿತ್ರವೆಂದರೆ ಗೆರೆಯೂ ಅಲ್ಲ, ಕತೆಯೂ ಅಲ್ಲ. ಕಣ್ಣಿಗೆ ಬೀಳುವ ಬೆಳಕು ನೆರಳುಗಳ ಪ್ರಮಾಣವನ್ನು ನಿಖರವಾಗಿ ಅಳೆದು ಹಲಗೆಯ ಮೇಲೆ ಇಡುವ ಶಾಸ್ತ್ರ ಎಂಬುದು ಮೆಲ್ಡ್ರಮ್ ಅವರ ಸಿದ್ಧಾಂತವಾಗಿತ್ತು. ಈ ಕ್ರಮದಲ್ಲಿ ಮೊದಲ ಸ್ಥಾನ ಬೆಳಕಿನ ತರತಮಕ್ಕೆ, ಆಮೇಲೆ ಪ್ರಮಾಣಕ್ಕೆ, ಕೊನೆಯದು ಬಣ್ಣಕ್ಕೆ.

೧೯೧೯ರಲ್ಲಿ ಕುಟುಂಬ ಮೆಲ್ಬರ್ನಿನ ಹೊರವಲಯದ ಬ್ಯೂಮಾರಿಸ್ ಎಂಬ ಕಡಲತಡಿಯ ನೆಲೆಗೆ ಬಂದಿತು. ತಂದೆತಾಯಿಯರ ಆರೋಗ್ಯ ಕೆಟ್ಟಿದ್ದುದರಿಂದ ಅವಿವಾಹಿತ ಮಗಳ ಮೇಲೆ ಮನೆಗೆಲಸದ, ಶುಶ್ರೂಷೆಯ ಹೊರೆ ಬಿತ್ತು. ಪ್ರತ್ಯೇಕ ಚಿತ್ರಶಾಲೆ ಅವರಿಗಿರಲಿಲ್ಲ. ಅಡುಗೆಮನೆಯ ಮೇಜೇ ಅದಾಗಿತ್ತು. ಹಗಲಿನ ಕೆಲಸಗಳ ಆಚೀಚೆ, ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ, ಬಣ್ಣದ ಸಾಮಗ್ರಿಯನ್ನು ಒಂದು ಪುಟ್ಟ ತಳ್ಳುಗಾಡಿಯಲ್ಲಿ ಇಟ್ಟುಕೊಂಡು ಅವರು ಕಡಲದಂಡೆಗೆ, ರಸ್ತೆಗಳಿಗೆ ಹೋಗಿ ಚಿತ್ರ ಬರೆಯುತ್ತಿದ್ದರು. ೧೯೨೩ರಿಂದ ೧೯೩೩ರವರೆಗೆ ಮೆಲ್ಬರ್ನಿನ ಅಥೀನಿಯಂ ಸಭಾಂಗಣದಲ್ಲಿ ಹೆಚ್ಚುಕಡಿಮೆ ಪ್ರತಿವರ್ಷ ಏಕವ್ಯಕ್ತಿ ಪ್ರದರ್ಶನ ನಡೆಸಿದರು. ಮಾರಾಟವಾದುದು ಕೆಲವೇ ಚಿತ್ರಗಳು. ವಿದೇಶಕ್ಕೆ ಅವರು ಒಮ್ಮೆಯೂ ಹೋಗಲಿಲ್ಲ. ೧೯೩೫ರ ಚಳಿಗಾಲದಲ್ಲಿ, ಬಿರುಗಾಳಿಯ ಕಡಲನ್ನು ಚಿತ್ರಿಸಲು ಹೋದ ಬಳಿಕ ನ್ಯುಮೋನಿಯಾ ತಗಲಿ ಜುಲೈ ೭ರಂದು ತೀರಿಕೊಂಡರು. ಆಗ ಅವರಿಗೆ ೪೮ ವರ್ಷ. ಮರುವರ್ಷ ಅದೇ ಸಭಾಂಗಣದಲ್ಲಿ ಒಂದು ಸ್ಮಾರಕ ಪ್ರದರ್ಶನ ನಡೆಯಿತು. ಅಲ್ಲಿಂದ ಮುಂದೆ ಮೂರೂವರೆ ದಶಕಗಳ ಮೌನ.

೩

ಬೆಕೆಟ್ ಚಿತ್ರಗಳ ವಸ್ತು ತೀರ ಸಾಮಾನ್ಯವಾದುದು. ಮಳೆ ನಿಂತ ಮೇಲಿನ ಡಾಂಬರು ರಸ್ತೆ, ತಂತಿಕಂಬಗಳ ಸಾಲು, ದೀಪ ಹೊತ್ತಿಸಿಕೊಂಡು ಮಂಜಿನೊಳಗಿಂದ ಬರುವ ಮೋಟಾರು, ಸಂಜೆಯ ಟ್ರಾಮು, ಕಡಲತಡಿಯಲ್ಲಿ ಒಂದೆರಡು ಬಣ್ಣದ ಚುಕ್ಕಿಗಳಂತೆ ಕಾಣುವ ಮನುಷ್ಯಾಕೃತಿಗಳು. 'ಒದ್ದೆ ಸಂಜೆ' (ಸುಮಾರು ೧೯೨೭), 'ಸಂಜೆ, ಸೇಂಟ್ ಕಿಲ್ಡಾ ರಸ್ತೆ' (ಸುಮಾರು ೧೯೩೦), 'ಹಾದುಹೋಗುವ ಟ್ರಾಮುಗಳು' (ಸುಮಾರು ೧೯೩೧) ಎಂಬ ಅರ್ಥದ ಹೆಸರುಗಳೇ ಇದನ್ನು ಹೇಳುತ್ತವೆ. ಅದೇ ಕಾಲದಲ್ಲಿ ಆಸ್ಟ್ರೇಲಿಯಾದ ಅಧಿಕೃತ ನಿಸರ್ಗಚಿತ್ರ ಬೇರೆಯದೇ ಆಗಿತ್ತು: ಹೊನ್ನ ಬಿಸಿಲಿನ ವಿಶಾಲ ಬಯಲು, ನೀಲಗಿರಿ ಮರಗಳು, ಕುರಿಮಂದೆಗಳು, ದುಡಿಯುವ ಗಂಡಸು. ದೇಶವನ್ನು ಕಟ್ಟಿಕೊಡುವ ಆ ಬಿಸಿಲಿನ ಪಕ್ಕದಲ್ಲಿ ಬೆಕೆಟ್ ಅವರ ನಗರದಂಚಿನ ಮಂಜು ವಿಮರ್ಶಕರಿಗೆ ಹಿಡಿಸಲಿಲ್ಲ. ಚಿತ್ರಗಳು ಮಬ್ಬಾಗಿವೆ, ಆಕಾರವಿಲ್ಲ, ಒಂದೇ ತೆರನಾಗಿವೆ ಎಂಬ ಆಕ್ಷೇಪ ಅವರ ಪ್ರದರ್ಶನಗಳನ್ನು ಹಿಂಬಾಲಿಸಿತು.

ಈ 'ಮಬ್ಬು' ಎಂಬ ಪದವನ್ನು ತುಸು ಪರಿಶೀಲಿಸಬೇಕು. ಕನ್ನಡದಲ್ಲಿಯೂ ಈ ಪದಕ್ಕೆ ಎರಡು ಅರ್ಥ: ಮಂದವಾದ ಬೆಳಕು ಮತ್ತು ಮಂದವಾದ ಬುದ್ಧಿ. ಬೆಕೆಟ್ ಅವರನ್ನು ಕುರಿತ ಆಕ್ಷೇಪದಲ್ಲಿ ಮೊದಲನೆಯ ಅರ್ಥ ಅರಿವಿಲ್ಲದೆಯೇ ಎರಡನೆಯದಕ್ಕೆ ಜಾರಿದೆ. ಚಿತ್ರದಲ್ಲಿ ಮಂಜಿದ್ದರೆ ಚಿತ್ರಕಾರ್ತಿಯ ನೋಟದಲ್ಲಿಯೇ ಅಸ್ಪಷ್ಟತೆಯಿದೆ ಎಂದು ತಿಳಿಯಲಾಯಿತು. ವಾಸ್ತವದಲ್ಲಿ ನಡೆದುದು ಇದಕ್ಕೆ ವಿರುದ್ಧವಾದುದು. ಗೆರೆ ಎಳೆದು ಆಕಾರವನ್ನು ಬೇರ್ಪಡಿಸಿಕೊಳ್ಳುವ ಅನುಕೂಲವನ್ನು ಬಿಟ್ಟುಕೊಟ್ಟ ಚಿತ್ರದಲ್ಲಿ ಒಂದು ಬೂದುಬಣ್ಣಕ್ಕೂ ಅದರ ಪಕ್ಕದ ಬೂದುಬಣ್ಣಕ್ಕೂ ಇರುವ ಅಂತರವೇ ಎಲ್ಲವನ್ನೂ ಹೊರಬೇಕಾಗುತ್ತದೆ. ಒದ್ದೆ ರಸ್ತೆಯ ಮೇಲಿನ ಆಕಾಶದ ಪ್ರತಿಬಿಂಬ ಆಕಾಶಕ್ಕಿಂತ ಎಷ್ಟು ಕಪ್ಪು, ಕಂಬದ ಬುಡ ಕಂಬದ ತುದಿಗಿಂತ ಎಷ್ಟು ಹತ್ತಿರ ಎಂಬ ಲೆಕ್ಕ ಕಿಂಚಿತ್ ತಪ್ಪಿದರೂ ಇಡೀ ಚಿತ್ರ ಕುಸಿಯುತ್ತದೆ. ಹೊಳೆಯುವ ಮಧ್ಯಾಹ್ನವನ್ನು ಬರೆಯುವವನಿಗೆ ದೊರೆಯುವ ರಿಯಾಯಿತಿ ನಸುಕನ್ನು ಬರೆಯುವವರಿಗೆ ದೊರೆಯುವುದಿಲ್ಲ. ಜತೆಗೆ ಕಾಲದ ಒತ್ತಡವಿದೆ: ನಸುಕಿನ ಬೆಳಕು ಕೆಲವು ನಿಮಿಷಗಳಲ್ಲಿ ಬದಲಾಗುತ್ತದೆ, ಆದ್ದರಿಂದ ಚಿತ್ರ ಚಿಕ್ಕದಾಗಿರಬೇಕು, ಒಂದೇ ಹದದಲ್ಲಿ, ಬಣ್ಣ ಒಣಗುವ ಮುನ್ನ ಮುಗಿಯಬೇಕು. ಬೆಕೆಟ್ ಅವರ ಮಂಜು ನಿಖರತೆಯ ಫಲ. ೧೯೨೪ರ ಒಂದು ಪ್ರದರ್ಶನ ಪಟ್ಟಿಯಲ್ಲಿ ತಮ್ಮ ಗುರಿ ನಿಸರ್ಗದ ಒಂದು ಭಾಗವನ್ನು ಪ್ರಾಮಾಣಿಕವಾಗಿ, ಬೆಳಕು ನೆರಳಿನ ಸರಿಯಾದ ಪ್ರಮಾಣದಲ್ಲಿ ತೋರಿಸುವುದೆಂಬ ಅರ್ಥದ ಮಾತನ್ನು ಅವರು ಬರೆದುಕೊಟ್ಟಿದ್ದರು. ಅದರಲ್ಲಿ ಭಾವುಕತೆಯ ಸುಳಿವಿಲ್ಲ.

ಇಲ್ಲಿ ಸ್ತ್ರೀವಾದಿ ಓದಿಗೂ ಒಂದು ಎಚ್ಚರ ಅಗತ್ಯ. ಮನೆಗೆಲಸದ ಒತ್ತಡದಿಂದಾಗಿ ಅವರು ನಸುಕು ಮುಸ್ಸಂಜೆಗಳನ್ನು ಚಿತ್ರಿಸಿದರು ಎಂಬ ವಿವರಣೆ ಹಲವೆಡೆ ಕಾಣುತ್ತದೆ. ಇದು ಅವರು ಮನೆಯಿಂದ ಹೊರಟ ಗಂಟೆಯನ್ನು ವಿವರಿಸಬಹುದು. ಅವರು ಬರೆದ ಚಿತ್ರವನ್ನು ವಿವರಿಸುವುದಿಲ್ಲ. ನಿರ್ಬಂಧವನ್ನೇ ಪ್ರತಿಭೆಯ ಕಾರಣವೆಂದು ಹೇಳುವುದು ನಿರ್ಬಂಧಕ್ಕೆ ಸಲ್ಲಿಸುವ ಗೌರವವಾಗಿಬಿಡುತ್ತದೆ. ಮೆಲ್ಡ್ರಮ್ ಅವರಂತಹ ಗುರುವೇ, ನೋರಾ ಹೈಸನ್ ಎಂಬ ಕಲಾವಿದೆಗೆ ೧೯೩೮ರ ಸಾಲಿನ ಆರ್ಚಿಬಾಲ್ಡ್ ಪ್ರಶಸ್ತಿ ಬಂದಾಗ, ಹೆಣ್ಣಿಗೆ ಕಲೆಯ ವೃತ್ತಿಗಿಂತ ಸಂಸಾರವೇ ಮೇಲು ಎಂಬರ್ಥದ ಮಾತನ್ನು ಸಾರ್ವಜನಿಕವಾಗಿ ಆಡಿದ್ದರು. ಅವರ ಶಿಷ್ಯೆಯೊಬ್ಬರು ಅವರ ಸಿದ್ಧಾಂತವನ್ನು ಅವರಿಗಿಂತ ಸೂಕ್ಷ್ಮವಾಗಿ ದುಡಿಸಿಕೊಂಡಿದ್ದರೆಂಬುದು ಆ ಹೊತ್ತಿಗಾಗಲೇ ಜನರ ನೆನಪಿನಿಂದ ಜಾರಿತ್ತು.

೪

ಈ ಪ್ರಕರಣದ ಅತ್ಯಂತ ಮುಖ್ಯವಾದ ಅಂಶ ಚಿತ್ರಗಳ ಗತಿ. ೧೯೩೬ರ ಸ್ಮಾರಕ ಪ್ರದರ್ಶನದ ಬಳಿಕ ಉಳಿದ ಚಿತ್ರಗಳು ಕುಟುಂಬದ ವಶದಲ್ಲಿದ್ದವು. ಮೆಲ್ಬರ್ನಿನಲ್ಲಿ ಕಲಾಪ್ರದರ್ಶನಾಲಯ ನಡೆಸುತ್ತಿದ್ದ ರೋಸಲಿಂಡ್ ಹಾಲಿನ್‌ರೇಕ್ ಅವರು ಬೆಕೆಟ್ ಅವರ ತಂಗಿ ಹಿಲ್ಡಾ ಅವರ ಮೂಲಕ ವಿಕ್ಟೋರಿಯಾದ ಗ್ರಾಮಾಂತರದ ಒಂದು ಹುಲ್ಲಿನ ಕೊಟ್ಟಿಗೆಯನ್ನು ತಲುಪಿದಾಗ, ಅಲ್ಲಿ ಸುಮಾರು ಎರಡು ಸಾವಿರ ಚಿತ್ರಗಳು ಗಾಳಿಮಳೆಗೆ, ಇಲಿಹೆಗ್ಗಣಗಳಿಗೆ ಸಿಕ್ಕಿ ಬಿದ್ದಿದ್ದವು. ಅವುಗಳಲ್ಲಿ ಉಳಿಸಿಕೊಳ್ಳಲು ಸಾಧ್ಯವಾದುದು ೩೬೯ ಮಾತ್ರ. ಅಂದರೆ ಐದರಲ್ಲಿ ನಾಲ್ಕು ಪಾಲಿಗೂ ಮಿಕ್ಕಿ ಕೊಳೆತುಹೋಗಿತ್ತು. ೧೯೭೧ರಲ್ಲಿ ಹಾಲಿನ್‌ರೇಕ್ ಪ್ರದರ್ಶನ ಏರ್ಪಡಿಸಿದರು. ರಾಷ್ಟ್ರೀಯ ಸಂಗ್ರಹಕ್ಕೆ ಕೆಲವು ಚಿತ್ರಗಳು ಸೇರಿದವು. ೧೯೯೯ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ಇಯಾನ್ ಪಾಟರ್ ಕಲಾ ಸಂಗ್ರಹಾಲಯದಲ್ಲಿ ದೊಡ್ಡ ಪ್ರದರ್ಶನ ನಡೆಯಿತು. ೨೦೨೧ರಲ್ಲಿ ಅಡಿಲೇಡಿನ ದಕ್ಷಿಣ ಆಸ್ಟ್ರೇಲಿಯಾ ಕಲಾಸಂಗ್ರಹಾಲಯ ಸುಮಾರು ೧೩೦ ಕೃತಿಗಳ ಪ್ರದರ್ಶನ ನಡೆಸಿತು. ಇಂದು ಆಸ್ಟ್ರೇಲಿಯಾದ ಆಧುನಿಕ ಚಿತ್ರಕಲೆಯ ಚರಿತ್ರೆಯನ್ನು ಬೆಕೆಟ್ ಅವರನ್ನು ಬಿಟ್ಟು ಬರೆಯುವುದು ಸಾಧ್ಯವಿಲ್ಲ.

ಈ ಮರುಶೋಧದ ಸರಪಳಿಯಲ್ಲಿ ನಾಲ್ಕು ಕೊಂಡಿಗಳಿವೆ. ಕೈಲಾದ ಮಟ್ಟಿಗೆ ಇಟ್ಟುಕೊಂಡ ತಂಗಿ; ಕೇಳಿಕೊಂಡು ಹೋದ ಒಬ್ಬ ವ್ಯಕ್ತಿ; ಕೊಂಡುಕೊಂಡ ಸಾರ್ವಜನಿಕ ಸಂಸ್ಥೆ; ಓದಿ ವಿವರಿಸಿದ ವಿಶ್ವವಿದ್ಯಾಲಯ. ಮೊದಲನೆಯ ಕೊಂಡಿ ಕಳಚಿದ್ದರೆ ಉಳಿದ ಮೂರಕ್ಕೂ ಕೆಲಸವಿರುತ್ತಿರಲಿಲ್ಲ. ಎರಡನೆಯದು ಹತ್ತು ವರ್ಷ ಮುಂಚೆ ಬಂದಿದ್ದರೆ ೩೬೯ರ ಬದಲು ಇನ್ನೆಷ್ಟೋ ಚಿತ್ರಗಳು ಉಳಿಯುತ್ತಿದ್ದವು. ಹೆಣ್ಣಿನ ಕಲೆ ಚರಿತ್ರೆಯಲ್ಲಿ ಇದೆಯೋ ಇಲ್ಲವೋ ಎಂಬುದು ಎಷ್ಟೋ ಸಲ ಒಂದು ಮಾಡಿನ ಸೋರಿಕೆಯಿಂದ ತೀರ್ಮಾನವಾಗುತ್ತದೆ.

ತಿರುಮಲಾಂಬ ಅವರ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಬಾಲ್ಯದಲ್ಲಿಯೇ ವಿಧವೆಯಾದ ಅವರು 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ನಡೆಸಿದರು, 'ಕರ್ನಾಟಕ ನಂದಿನಿ' ಪತ್ರಿಕೆಯನ್ನು ಹೊರತಂದರು, 'ಸುಶೀಲೆ'ಯಂತಹ ಕಾದಂಬರಿಗಳನ್ನು ಬರೆದರು. ಮುಂದೆ ದಶಕಗಳ ಕಾಲ ಕನ್ನಡ ಸಾಹಿತ್ಯಲೋಕ ಅವರನ್ನು ಮರೆತಿತ್ತು. ೧೯೮೨ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಮರುಶೋಧದ ಕೆಲಸ ಈಗಷ್ಟೇ ಆರಂಭವಾಗಿತ್ತು. ಉಡುಪಿಯ ಸರಸ್ವತಿಬಾಯಿ ರಾಜವಾಡೆ (೧೯೧೩-೧೯೯೪) ಅವರ ಬಾಳನ್ನೂ ಬರಹವನ್ನೂ ವೈದೇಹಿ ಅವರು ದಾಖಲಿಸಿಕೊಟ್ಟರು. ಈ ಇಬ್ಬರೂ ಉಳಿದುದು ಅಚ್ಚಿನಿಂದಾಗಿ. ಅಚ್ಚಾದ ಪುಸ್ತಕಕ್ಕೆ ನೂರಾರು ಪ್ರತಿಗಳಿರುತ್ತವೆ. ಎಲ್ಲೋ ಒಂದು ಗ್ರಂಥಾಲಯದ ಮೂಲೆಯಲ್ಲಿ ಒಂದಾದರೂ ಉಳಿದೀತು. ಚಿತ್ರಕ್ಕೆ ಇರುವುದು ಒಂದೇ ಪ್ರತಿ. ಸಾಹಿತ್ಯದ ಮರುಶೋಧಕ್ಕೂ ಕಲೆಯ ಮರುಶೋಧಕ್ಕೂ ಇರುವ ಮೂಲಭೂತ ವ್ಯತ್ಯಾಸ ಇದು. ಸಾಹಿತ್ಯ ಕಾಯಬಲ್ಲುದು, ಚಿತ್ರ ಕಾಯಲಾರದು.

೫

ಕರ್ನಾಟಕದಲ್ಲಿ ವಾತಾವರಣದ ನಿಸರ್ಗಚಿತ್ರ ಇರಲೇ ಇಲ್ಲವೆಂದಲ್ಲ. ವೆಂಕಟಪ್ಪನವರು ೧೯೨೬ರಲ್ಲಿ ಉದಕಮಂಡಲದಲ್ಲಿ, ೧೯೩೪ರಲ್ಲಿ ಕೊಡೈಕನಾಲಿನಲ್ಲಿ ರಚಿಸಿದ ಜಲವರ್ಣ ಚಿತ್ರಗಳು ಮೋಡ, ಮಂಜು, ಬೆಳದಿಂಗಳುಗಳನ್ನೇ ವಸ್ತುವಾಗಿಸಿಕೊಂಡವು. ಕಾಲದ ದೃಷ್ಟಿಯಿಂದ ಅವು ಬೆಕೆಟ್ ಚಿತ್ರಗಳಿಗೆ ಸಮಕಾಲೀನ. ಮೈಸೂರಿನ ಸಾಂಪ್ರದಾಯಿಕ ಚಿತ್ರಗಾರ ಮನೆತನದಲ್ಲಿ ಹುಟ್ಟಿ, ಅರಮನೆಯ ಆಶ್ರಯದಲ್ಲಿ ಕಲ್ಕತ್ತೆಗೆ ಹೋಗಿ, ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದ ವೆಂಕಟಪ್ಪನವರೂ ಬೆಕೆಟ್ ಅವರಂತೆ ಅವಿವಾಹಿತರು, ಏಕಾಂತಪ್ರಿಯರು, ಮಾರುಕಟ್ಟೆಗೆ ದೂರವಾದವರು. ಆದರೆ ಒಬ್ಬರ ಚಿತ್ರಗಳು ಕೊಟ್ಟಿಗೆಯಲ್ಲಿ ಕೊಳೆತವು. ಇನ್ನೊಬ್ಬರ ಚಿತ್ರಗಳಿಗಾಗಿ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಅವರ ಹೆಸರಿನ ಕಲಾಸಂಗ್ರಹಾಲಯ ೧೯೭೦ರ ದಶಕದಲ್ಲಿ ಎದ್ದಿತು. ವೆಂಕಟಪ್ಪನವರ ಸಾಧನೆಯನ್ನು ಕಿರಿದುಗೊಳಿಸಲು ಈ ಹೋಲಿಕೆ ಹೇಳುತ್ತಿಲ್ಲ. ಏಕಾಂತವೂ ಕೂಡ ಗಂಡಿಗೂ ಹೆಣ್ಣಿಗೂ ಒಂದೇ ಬೆಲೆಯಲ್ಲಿ ದೊರೆಯುವುದಿಲ್ಲವೆಂಬುದಷ್ಟೇ ಇದರ ತಾತ್ಪರ್ಯ.

ಭಾರತದ ಬೇರೆಡೆಯ ಚಿತ್ರಕಾರ್ತಿಯರನ್ನು ನೋಡಿದರೆ ಇನ್ನೊಂದು ವಿಷಯ ಹೊಳೆಯುತ್ತದೆ. ರವಿವರ್ಮನ ತಂಗಿ ಮಂಗಳಾಬಾಯಿ ತಂಬುರಾಟ್ಟಿ ಅವರ ಪ್ರಸಿದ್ಧ ಕೃತಿಗಳಲ್ಲೊಂದು ಅಣ್ಣನ ಭಾವಚಿತ್ರ. ಅವನೀಂದ್ರನಾಥರ ಸೋದರಿ ಸುನಯನಿ ದೇವಿ (೧೮೭೫-೧೯೬೨) ಮನೆಯೊಳಗೇ ಕುಳಿತು ದೇವದೇವಿಯರನ್ನು, ಹೆಂಗಸರನ್ನು ಚಿತ್ರಿಸಿದರು. ೧೯೨೨ರಲ್ಲಿ ಕಲ್ಕತ್ತೆಯಲ್ಲಿ ಬೌಹೌಸ್ ಕಲಾವಿದರ ಕೃತಿಗಳ ಜತೆ ಅವರ ಚಿತ್ರಗಳೂ ಪ್ರದರ್ಶನಗೊಂಡವು. ಅಮೃತಾ ಶೇರ್‌ಗಿಲ್ (೧೯೧೩-೧೯೪೧) ಅವರ ಚಿತ್ರಗಳ ಗಣನೀಯ ಭಾಗ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಉಳಿದಿದೆಯಾದರೂ ಅವರ ಗಮನ ಮುಖ್ಯವಾಗಿ ಮನುಷ್ಯರ ಮೇಲಿತ್ತು. ಈ ಮೂವರಿಗೂ ಅರಮನೆಯೋ ಸಿರಿವಂತ ಮನೆತನವೋ ಆಸರೆಯಾಗಿತ್ತು. ನಿಸರ್ಗಚಿತ್ರಕ್ಕೆ ಬೇಕಾದುದು ಬಣ್ಣ ಹಲಗೆಗಳಿಗಿಂತ ಮಿಗಿಲಾಗಿ ಬಯಲು. ಬೆಳಗಿನ ಜಾವ ಐದಕ್ಕೆ, ಸಂಜೆ ಏಳಕ್ಕೆ, ಒಂಟಿಯಾಗಿ ಹೊಳೆದಂಡೆಯಲ್ಲಿ ಒಂದು ಗಂಟೆ ಸುಮ್ಮನೆ ನಿಂತಿರುವ ಹಕ್ಕು. ೧೯೨೦ರ ದಶಕದ ಕನ್ನಡ ಹೆಣ್ಣುಮಕ್ಕಳಲ್ಲಿ ನಸುಕಿನಲ್ಲಿ ಹೊಳೆಗೆ ಹೋದವರು ಸಾವಿರಾರು. ಆದರೆ ಹೋದುದು ನೀರಿಗೆ, ಬಟ್ಟೆಗೆ, ಗದ್ದೆಗೆ. ಕೆಲಸವಿಲ್ಲದೆ ನಿಂತು ನೋಡುವ ಹೆಣ್ಣಿಗೆ ಸಮಾಜ ಹೆಸರಿಡುತ್ತಿತ್ತು. ಆದ್ದರಿಂದ ನಿಸರ್ಗಚಿತ್ರದಲ್ಲಿ ಹೆಣ್ಣಿನ ಗೈರುಹಾಜರಿಯನ್ನು ಅಭಿರುಚಿಯ ಪ್ರಶ್ನೆಯಾಗಿ ನೋಡದೆ ಸಾರ್ವಜನಿಕ ಸ್ಥಳದ ಪ್ರಶ್ನೆಯಾಗಿ ನೋಡಬೇಕಾಗುತ್ತದೆ.

೬

ಈ ಮಾತನ್ನು ಒಂದು ನಿರ್ದಿಷ್ಟ ನೆಲಕ್ಕೆ ಇಳಿಸಿ ನೋಡುವುದು ಒಳಿತು. ನೇತ್ರಾವತಿಯ ದಂಡೆಯ ನರಿಕೊಂಬು, ಪಾಣೆಮಂಗಳೂರು, ಬಂಟ್ವಾಳದ ಪರಿಸರ ವಾತಾವರಣದ ಚಿತ್ರಕ್ಕೆ ಹೇಳಿಮಾಡಿಸಿದಂತಿದೆ. ಆಟಿ ತಿಂಗಳ ಮೋಡಗತ್ತಲೆ, ಹೊಳೆಯ ಮೇಲೆ ನಿಲ್ಲುವ ಮುಂಜಾವಿನ ಮಂಜು, ಅಡಕೆ ತೋಟದೊಳಗಿನ ಹಸಿರುಗಪ್ಪು, ಮಳೆಗಾಲದ ಕೆಂಪುನೀರು ಇವೆಲ್ಲ ಗೆರೆಗೆ ಸಿಗದ, ಬೆಳಕಿನ ತರತಮಕ್ಕೆ ಮಾತ್ರ ಸಿಗುವ ಸಂಗತಿಗಳು. ಈ ಹವೆಯನ್ನು ಕನ್ನಡ ಸಾಹಿತ್ಯ ಬೇಗನೆ ಗುರುತಿಸಿತು. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ (೧೮೭೪-೧೯೩೭) 'ತೆಂಕಣ ಗಾಳಿಯಾಟ' ಈ ಕರಾವಳಿಯ ಗಾಳಿಯನ್ನೇ ನಾಯಕನಾಗಿಸಿದ ಪದ್ಯ. ಸಮುದ್ರ, ಪರ್ವತ, ಋತು, ಸೂರ್ಯೋದಯ, ಚಂದ್ರೋದಯ ಎಂದು ಅಷ್ಟಾದಶ ವರ್ಣನೆಗಳ ಚೌಕಟ್ಟಿನಲ್ಲಿ ನಿಸರ್ಗವನ್ನು ಕಾಣುತ್ತಿದ್ದ ಕಾವ್ಯಪರಂಪರೆಯಿಂದ ಕಣ್ಣೆದುರಿನ ಹವೆಗೆ ತಿರುಗಿದ ಈ ನಡೆ ಬೆಕೆಟ್ ಅವರು ಅಧಿಕೃತ ಬಿಸಿಲಿನಿಂದ ಒದ್ದೆ ರಸ್ತೆಯತ್ತ ತಿರುಗಿದ ನಡೆಗೆ ಹತ್ತಿರವಾದುದು. ನವೋದಯದ ನಿಸರ್ಗದೃಷ್ಟಿಯನ್ನು ಪಾಠ ಹೇಳುವ ಅಧ್ಯಾಪಕರು ಅದನ್ನು ಆಂಗ್ಲ ರಮ್ಯಕವಿಗಳೊಡನೆ ಹೋಲಿಸುವುದು ವಾಡಿಕೆ. ಸಮಕಾಲೀನ ಚಿತ್ರಕಲೆಯೊಡನೆ ಹೋಲಿಸಿದರೆ ಇನ್ನೂ ಹೊಸ ತಿಳಿವಳಿಕೆ ದೊರೆಯುವ ಸಾಧ್ಯತೆಯಿದೆ.

ಇದೇ ಹವೆ ಆಕರಗಳ ಶತ್ರುವೂ ಹೌದು. ೧೯೨೩ರಲ್ಲಿ, ಅಂದರೆ ಬೆಕೆಟ್ ಅವರ ಮೊದಲ ಏಕವ್ಯಕ್ತಿ ಪ್ರದರ್ಶನದ ವರ್ಷ, ನೇತ್ರಾವತಿಗೆ ಬಂದ ಮಹಾನೆರೆ, ಮತ್ತೆ ೧೯೭೪ರ ನೆರೆ ಬಂಟ್ವಾಳದ ತಗ್ಗಿನ ಮನೆಗಳನ್ನು ಮುಳುಗಿಸಿದವು. ನೆರೆಯಿಲ್ಲದ ವರ್ಷಗಳಲ್ಲಿಯೂ ಗೆದ್ದಲು, ಬೂಷ್ಟು, ಸೋರುವ ಮಾಡು ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ತಾಳೆಗರಿಗೆ ಎಣ್ಣೆ ಹಚ್ಚಿ ಕಾಯುವ ಕ್ರಮವಿತ್ತು, ಏಕೆಂದರೆ ಅದು ಪೂಜ್ಯ. ಮೂಡುಬಿದಿರೆಯ ಬಸದಿಯಲ್ಲಿ ಧವಳ ಗ್ರಂಥಗಳೂ ಅವುಗಳೊಳಗಿನ ಚಿತ್ರಗಳೂ ಶತಮಾನಗಳ ಕಾಲ ಉಳಿದುದು ಆ ಶ್ರದ್ಧೆಯಿಂದ. ಶಾಲೆಯಲ್ಲಿ ಚಿತ್ರಕಲೆ ಕಲಿತ ಹುಡುಗಿಯ ಬಣ್ಣದ ಪುಸ್ತಕವನ್ನು ಅಂತಹ ಶ್ರದ್ಧೆ ಕಾಯಲಿಲ್ಲ. ಮದುವೆಯಾಗಿ ಹೋದವಳ ಪೆಟ್ಟಿಗೆ ತವರಿನ ಅಟ್ಟ ಸೇರುವುದು, ಮನೆ ಪಾಲಾಗುವಾಗ ಅಟ್ಟ ಖಾಲಿಯಾಗುವುದು ಕರಾವಳಿಯ ಮನೆಗಳಲ್ಲಿ ಸಾಮಾನ್ಯ ನಡಾವಳಿ.

೭

ಇಲ್ಲಿ ಒಂದು ಸುಲಭದ ಸಮಾಧಾನವನ್ನು ತಡೆಯಬೇಕಾಗಿದೆ. ತೈಲವರ್ಣದ ನಿಸರ್ಗಚಿತ್ರ ಪಾಶ್ಚಾತ್ಯವಾದುದು, ಕನ್ನಡದ ಹೆಣ್ಣಿಗೆ ಅವಳದೇ ಆದ ಹಸೆಚಿತ್ತಾರ, ರಂಗವಲ್ಲಿ, ಕಸೂತಿಗಳಿದ್ದವು, ಆದ್ದರಿಂದ ಕೊರತೆಯೇನೂ ಇಲ್ಲ ಎಂಬ ವಾದ ದೇಸಿ ಚಿಂತನೆಯ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಮಲೆನಾಡಿನ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿ ನಾರಿನ ಕುಂಚದಿಂದ ಬರೆಯುವ ಚಿತ್ತಾರ ಅತ್ಯಂತ ಶಿಸ್ತಿನ ಕಲೆ. ಅದಕ್ಕೆ ತನ್ನದೇ ವ್ಯಾಕರಣವಿದೆ, ಆಚರಣೆಯ ಸಂದರ್ಭವಿದೆ. ನಾಟಿಯ ಗದ್ದೆಯಲ್ಲಿ ತುಳುವ ಹೆಂಗಸರು ಹಾಡುವ ಕಬಿತ, ಓಬೇಲೆಗಳಲ್ಲಿ ಮಳೆ, ಗಾಳಿ, ಹೊಳೆಗಳ ನೋಟವಿದೆ. ಇವುಗಳನ್ನು ಗೌರವಿಸುವುದು ಒಂದು. ಇವುಗಳನ್ನು ಇಲ್ಲದ ನಿಸರ್ಗಚಿತ್ರಕ್ಕೆ ಬದಲಿಯಾಗಿ ನಿಲ್ಲಿಸುವುದು ಇನ್ನೊಂದು. ಚಿತ್ತಾರ ಸಮುದಾಯದ ಕಲೆ. ಒಬ್ಬಳು ಒಂದು ದಿನ ಒಂದು ಜಾಗದಲ್ಲಿ ನಿಂತು ಕಂಡ ಬೆಳಕನ್ನು ದಾಖಲಿಸುವುದು ಅದರ ಉದ್ದೇಶವಲ್ಲ. ಸಮುದಾಯದ ಕಲೆಯನ್ನು ಕೊಂಡಾಡುತ್ತ ವ್ಯಕ್ತಿಯಾಗಿ ನೋಡುವ ಹೆಣ್ಣಿನ ಹಕ್ಕನ್ನು ಮರೆಯುವುದು ಹಳೆಯ ಗೈರುಹಾಜರಿಗೆ ಹೊಸ ಹೆಸರು ಕೊಟ್ಟಂತೆ.

ಇದರ ಎದುರು ತುದಿಯಲ್ಲಿರುವ ಅಪಾಯವೂ ಸಣ್ಣದಲ್ಲ. ಕನ್ನಡದ ಕ್ಲಾರಿಸ್ ಬೆಕೆಟ್ ಯಾರು ಎಂದು ಹುಡುಕಿ ಹೊರಡುವ ಸಂಶೋಧನೆ, ಸಿಕ್ಕ ಒಂದೆರಡು ಹವ್ಯಾಸಿ ಚಿತ್ರಗಳನ್ನು ಹಿಡಿದು 'ಮೊದಲ ಕನ್ನಡ ನಿಸರ್ಗಚಿತ್ರಕಾರ್ತಿ' ಎಂಬ ಪಟ್ಟ ಕಟ್ಟಿಬಿಡಬಹುದು. 'ಮೊದಲ' ಎಂಬ ವಿಶೇಷಣದ ಮೋಹ ಕನ್ನಡ ಸಂಶೋಧನೆಗೆ ಹೊಸದಲ್ಲ. ಬೆಕೆಟ್ ದೊಡ್ಡವರಾದುದು ಅವರು ಮರೆತುಹೋದ ಹೆಣ್ಣಾದುದರಿಂದಲ್ಲ, ಅವರ ಚಿತ್ರಗಳು ಎದುರಿಗಿಟ್ಟಾಗ ನಿಲ್ಲುವುದರಿಂದ. ಮರುಶೋಧ ಮೌಲ್ಯಮಾಪನಕ್ಕೆ ಅವಕಾಶ ಒದಗಿಸುತ್ತದೆಯೇ ಹೊರತು ಅದರ ಜಾಗವನ್ನು ತಾನೇ ಆಕ್ರಮಿಸಬಾರದು.

೮

ಚಿತ್ರಕಲೆಯ ಚರಿತ್ರೆ ಲಲಿತಕಲಾ ಸಂಸ್ಥೆಗಳ ಹೊಣೆ, ಕನ್ನಡ ವಿಭಾಗಗಳಿಗೆ ಅದರ ಗೊಡವೆ ಏಕೆ ಎಂಬ ಪ್ರಶ್ನೆ ಸಹಜ. ಉತ್ತರ ಎರಡು ಬಗೆಯದು. ಮೊದಲನೆಯದು ಕ್ಷೇತ್ರಕಾರ್ಯಕ್ಕೆ ಸಂಬಂಧಿಸಿದುದು. ಹಳ್ಳಿಹಳ್ಳಿಯ ಮನೆಗಳ ಅಟ್ಟದವರೆಗೆ ಹೋಗುವ ಅಭ್ಯಾಸ ಕರ್ನಾಟಕದಲ್ಲಿ ಯಾವುದಾದರೂ ಶಿಸ್ತಿಗೆ ಇದ್ದರೆ ಅದು ಕನ್ನಡ ವಿಭಾಗಗಳಿಗೆ. ಹಸ್ತಪ್ರತಿ ಸಂಗ್ರಹ, ಶಾಸನ ಶೋಧ, ಜಾನಪದ ಸಂಕಲನಗಳ ಮೂಲಕ ಆ ಅಭ್ಯಾಸ ಬೆಳೆದು ಬಂದಿದೆ. ತಾಳೆಗರಿಯನ್ನು ಹುಡುಕಿ ಹೋದವರು ಅದೇ ಪೆಟ್ಟಿಗೆಯಲ್ಲಿದ್ದ ಚಿತ್ರದ ಪುಸ್ತಕವನ್ನು ಬದಿಗಿಟ್ಟು ಬಂದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಬಂಟ್ವಾಳದ ಸಂಚಯಗಿರಿಯಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ತುಳುವರ ದಿನಬಳಕೆಯ ವಸ್ತುಗಳನ್ನು ಒಟ್ಟುಗೂಡಿಸಿದ ಬಗೆ ಇಲ್ಲಿ ಮಾದರಿಯಾಗಬಲ್ಲುದು: ಯಾವುದು ಬೆಲೆಯುಳ್ಳದ್ದು ಎಂದು ಮೊದಲೇ ತೀರ್ಮಾನಿಸದೆ ಬಾಳಿನ ವಸ್ತುಗಳನ್ನು ಕೂಡಿಡುವ ಕ್ರಮ ಅದು. ಸ್ನಾತಕೋತ್ತರ ವಿದ್ಯಾರ್ಥಿಗಳ ಕ್ಷೇತ್ರಕಾರ್ಯದ ಪ್ರಶ್ನಾವಳಿಯಲ್ಲಿ, ೧೯೫೦ಕ್ಕೆ ಹಿಂದಿನ ಮನೆಯ ಹೆಂಗಸರ ಚಿತ್ರ, ಕಸೂತಿ ಮಾದರಿ, ಶಾಲೆಯ ರೇಖಾಚಿತ್ರ ಪುಸ್ತಕ, ಪತ್ರ, ದಿನಚರಿಗಳು ಇವೆಯೇ ಎಂಬ ಒಂದು ಪ್ರಶ್ನೆ ಸೇರಿದರೂ ಸಾಕು. ವಸ್ತುವನ್ನು ಒಯ್ಯಬೇಕಿಲ್ಲ, ಮನೆಯವರ ಒಪ್ಪಿಗೆಯಿಂದ ಛಾಯಾಚಿತ್ರ ತೆಗೆದು, ಅಳತೆ, ಸಾಮಗ್ರಿ, ಬರೆದವರ ಹೆಸರು, ಕಾಲವನ್ನು ದಾಖಲಿಸಿದರೆ ಮೊದಲ ಹೆಜ್ಜೆ ಇಟ್ಟಂತೆ. ಏನೂ ಸಿಗದ ಮನೆಗಳ ದಾಖಲೆಯೂ ಬೇಕು. ಗೈರುಹಾಜರಿಯ ಕುರಿತ ಮಾತಿಗೆ ಅದೊಂದೇ ಪ್ರಾಮಾಣಿಕ ಆಧಾರ.

ಎರಡನೆಯದು ಭಾಷೆಗೆ ಸಂಬಂಧಿಸಿದುದು. ನಸುಕು, ಮುಂಜಾವು, ಮುಸ್ಸಂಜೆ, ಮಬ್ಬು, ಮಸುಕು, ಕಾವಳ, ಇಬ್ಬನಿ, ಸೋನೆ, ತುಂತುರು, ಜಡಿ ಎಂದು ಅರೆಬೆಳಕಿಗೂ ಮಳೆಗೂ ಕನ್ನಡದಲ್ಲಿರುವ ಪದಗಳ ಸೂಕ್ಷ್ಮತೆ ಕಡಮೆಯದಲ್ಲ. ಆದರೂ ಕನ್ನಡದ ಕಲಾವಿಮರ್ಶೆ ಚಿತ್ರವನ್ನು ವರ್ಣಿಸುವಾ­ಗ ಎರವಲು ಪರಿಭಾಷೆಯ ಅನುವಾದಗಳನ್ನೋ, 'ಮನಮೋಹಕ', 'ನಯನಮನೋಹರ' ಮೊದಲಾದ ಸವೆದ ವಿಶೇಷಣಗಳನ್ನೋ ನೆಚ್ಚಿಕೊಂಡಿದೆ. ವೆಂಕಟಪ್ಪನವರ ಉದಕಮಂಡಲದ ಮಂಜಿಗೂ ಬೆಕೆಟ್ ಅವರ ಕಡಲತಡಿಯ ಮಂಜಿಗೂ ಇರುವ ವ್ಯತ್ಯಾಸವನ್ನು ಕನ್ನಡದಲ್ಲಿ ಖಚಿತವಾಗಿ ಹೇಳಲು ಕಾವಳಕ್ಕೂ ಇಬ್ಬನಿಗೂ ಇರುವ ವ್ಯತ್ಯಾಸವನ್ನು ಬಲ್ಲ ಭಾಷಾಪ್ರಜ್ಞೆ ಬೇಕು. ಅದು ಕನ್ನಡ ಅಧ್ಯಾಪಕರ ಸೊತ್ತು. ವರ್ಣಿಸಲು ಬಾರದ ಕಲೆಯನ್ನು ಯಾವ ಭಾಷೆಯೂ ಬಹುಕಾಲ ನೆನಪಿಟ್ಟುಕೊಳ್ಳಲಾರದು. ಬೆಕೆಟ್ ಅವರ ಮಂಜನ್ನು ನಿಖರತೆಯೆಂದು ಕರೆಯಲು ಪದವಿಲ್ಲದ ವಿಮರ್ಶೆಯೇ ಅವರ ಚಿತ್ರಗಳನ್ನು ಕೊಟ್ಟಿಗೆಗೆ ಕಳುಹಿಸುವುದರಲ್ಲಿ ಪಾಲುಗೊಂಡಿತ್ತು.

ಶೋಧದಿಂದ ಕರ್ನಾಟಕದಲ್ಲಿ ಒಬ್ಬ ದೊಡ್ಡ ನಿಸರ್ಗಚಿತ್ರಕಾರ್ತಿ ದೊರೆಯಬಹುದು, ದೊರೆಯದಿರಬಹುದು. ದೊರೆಯದಿದ್ದರೂ ಕೆಲಸ ವ್ಯರ್ಥವಾಗುವುದಿಲ್ಲ: 'ಇರಲಿಲ್ಲ' ಎಂಬ ಮಾತು ಆಗ ಊಹೆಯಾಗಿರದೆ ತಿಳಿವಳಿಕೆಯಾಗುತ್ತದೆ, ಏಕೆ ಇರಲಿಲ್ಲ ಎಂಬ ಮುಂದಿನ ಪ್ರಶ್ನೆಗೆ ನೆಲ ಸಿಗುತ್ತದೆ. ಆದರೆ ಈ ಶೋಧಕ್ಕೆ ಕಾಲಾವಕಾಶ ಕಿರಿದಾಗುತ್ತಿದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಶಾಲೆ ಕಲಿತ ಹೆಣ್ಣುಮಕ್ಕಳ ಪೆಟ್ಟಿಗೆಗಳನ್ನು ಗುರುತಿಸಬಲ್ಲ ಮಕ್ಕಳು, ಮೊಮ್ಮಕ್ಕಳು ಈಗ ವೃದ್ಧರು; ನೇತ್ರಾವತಿಯ ಎರಡೂ ದಂಡೆಗಳಲ್ಲಿ ಹಳೆಯ ಮಾಡಿನ ಮನೆಗಳು ಒಂದೊಂದಾಗಿ ಇಳಿಯುತ್ತಿವೆ. ಎರಡು ಸಾವಿರದಲ್ಲಿ ೩೬೯ ಉಳಿದ ಕತೆಯನ್ನು ಆಸ್ಟ್ರೇಲಿಯಾ ಇಂದು ವಿಷಾದದಿಂದಲಾದರೂ ಹೇಳಿಕೊಳ್ಳಬಲ್ಲುದು. ಹೇಳಿಕೊಳ್ಳಲು ಅಷ್ಟಾದರೂ ಉಳಿದೀತೇ ಎಂಬುದನ್ನು ಕನ್ನಡ ವಿಭಾಗಗಳು ಬರುವ ಕೆಲವು ಮಳೆಗಾಲಗಳೊಳಗೆ ತೀರ್ಮಾನಿಸಬೇಕಾಗಿದೆ.